ಕೆಮ್ಮಣ್ಣಿನ ಉಸಿರು, ಇದ್ದಲಿನ ಆಸರೆ

ಬೆಂಗಳೂರಿನ ಜಕ್ಕೂರು ಕೆರೆಯ ಮೇಲುದಂಡೆಯಲ್ಲಿ, ದಿನಕ್ಕೆ 10 ದಶಲಕ್ಷ ಲೀಟರ್ ಸಾಮರ್ಥ್ಯದೊಡನೆ ಆರಂಭವಾದ ಶುದ್ಧೀಕರಣ ಘಟಕದ ನೀರು ಜೌಗುಹುಲ್ಲಿನ ನಡುವೆ ಹಾಯ್ದು ಕೆರೆಗಿಳಿಯುವೆಡೆ ಕೋಲಿನಿಂದ ಕೆಸರನ್ನು ಕೆದಕಿದರೆ, ಮಳೆ ಹೊತ್ತು ತಂದ ಕೆಮ್ಮಣ್ಣು ತಳದಲ್ಲಿ ಕರ್ರಗಾಗಿ ಕುಳಿತಿರುವುದು ಕಾಣುತ್ತದೆ. ಪ್ರಾಣವಾಯುವಿಲ್ಲದ ಪಂಕದಲ್ಲಿ ಕಬ್ಬಿಣದ ತುಕ್ಕಿಗೂ ಗಂಧಕದ ಲವಣಕ್ಕೂ ಎಲೆಕ್ಟ್ರಾನುಗಳನ್ನೊಪ್ಪಿಸಿ ಉಸಿರಾಡುವ ಬ್ಯಾಕ್ಟೀರಿಯಗಳ ಕೃತ್ಯವಿದು. ತುಕ್ಕಿನ ಸ್ಥಾನದಲ್ಲಿ ವಿದ್ಯುದಗ್ರವೊಂದನ್ನಿರಿಸಿ, ಆ ಎಲೆಕ್ಟ್ರಾನುಗಳನ್ನು ತಂತಿಯೊಳಗೆ ಹರಿಯಿಸುವ ಸವಿಯಾದ ವಂಚನೆಯೇ ಸೂಕ್ಷ್ಮಜೀವಿ ಇಂಧನಕೋಶ; ಇಂಗ್ಲೆಂಡಿನ ವಿಜ್ಞಾನಿ ಪಾಟರ್ 1911ರಲ್ಲಿಯೇ ಇದರ ಮೂಲತತ್ತ್ವವನ್ನು ತೋರಿಸಿದ್ದನು.

ಈ ವಿದ್ಯೆಯ ಉಪಾಸಕರಲ್ಲಿ ನಾನು ಕಾಣುವ ದೋಷವೆಂದರೆ, ವಿದ್ಯುದಗ್ರವನ್ನು ಅವರು ಲೋಹಕಾರನ ಕಣ್ಣಿನಿಂದ ನೋಡುವರೇ ಹೊರತು ಅದರಲ್ಲಿ ಬಿಡಾರ ಹೂಡಬೇಕಾದ ಜೀವಿಯ ಕಣ್ಣಿನಿಂದಲ್ಲ. ತಾಮ್ರ ಉತ್ತಮ ವಾಹಕ, ನಿಜ. ಆದರೆ ಅದರ ಅಯಾನುಗಳು ಬಹುತೇಕ ಬ್ಯಾಕ್ಟೀರಿಯಗಳಿಗೆ ವಿಷ. ಸಕ್ರಿಯ ಇದ್ದಲಿನ ಒಂದು ಗ್ರಾಮಿಗೆ ಸುಮಾರು 1000 ಚದರ ಮೀಟರ್ ಮೇಲ್ಮೈಯುಂಟೆಂದು ಹೆಮ್ಮೆಯಿಂದ ಹೇಳುತ್ತಾರೆ; ಆ ರಂಧ್ರಗಳಲ್ಲಿ ಬಹುಪಾಲಿನವು ಎರಡು ನ್ಯಾನೋಮೀಟರಿಗೂ ಕಿರಿದು, ಬ್ಯಾಕ್ಟೀರಿಯವಾದರೋ ಅವುಗಳಿಗಿಂತ ನೂರಾರು ಪಟ್ಟು ದೊಡ್ಡದು. ಬಾಗಿಲೊಳಗೆ ತಲೆ ತೂರದ ಮನೆಯ ವಿಸ್ತೀರ್ಣವನ್ನು ಬಾಡಿಗೆದಾರನಿಗೆ ವರ್ಣಿಸಿ ಫಲವೇನು? ಒರಟಾದ ಇಂಗಾಲದ ನಮದೆಯೇ ಇದಕ್ಕಿಂತ ಲೇಸು. ಅದಾದರೂ ಮೇಲೆ ನೆಲೆಸಿದ ಬ್ಯಾಕ್ಟೀರಿಯಗಳ ಜೀವಪೊರೆ ದಪ್ಪವೇರಿದಂತೆ ಒಳಪದರದಲ್ಲಿ ಆಮ್ಲ ತುಂಬಿ ಉಸಿರು ಕುಂದುತ್ತದೆ. ಇನ್ನು ಎದುರುಬದಿಯ ವಿದ್ಯುದಗ್ರಕ್ಕೆ, ಕೊಳಚೆನೀರಿನ ಕೆಲಸಕ್ಕೆಂದು, ಪ್ಲಾಟಿನಂ ಲೇಪಿಸುವುದು ಹೊಟ್ಟೆಗೆ ಹಿಟ್ಟಿಲ್ಲದವನು ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಬ್ಯಾಕ್ಟೀರಿಯಗಳು ವಿದ್ಯುದಗ್ರವನ್ನು ಮುಟ್ಟುವ ಬಗೆಗಳೂ ಒಂದೇ ಅಲ್ಲ. ಶೆವನೆಲ್ಲ ಎಂಬುದು ಫ್ಲಾವಿನ್ ಅಣುಗಳನ್ನು ದೋಣಿಗಳಂತೆ ಬಿಟ್ಟು ದೂರದಿಂದಲೂ ಎಲೆಕ್ಟ್ರಾನುಗಳನ್ನು ಸಾಗಿಸಬಲ್ಲದು. ಜಿಯೋಬ್ಯಾಕ್ಟರ್ ಮೈಗೆ ಮೈ ತಾಗಿಸಿಯೂ ಎಳೆಗಳನ್ನು ಚಾಚಿಯೂ ಕಾರ್ಯ ಸಾಧಿಸುತ್ತದೆ. 2005ರಿಂದ ರೋಮಗಳೆಂದೇ ತಿಳಿದಿದ್ದ ಆ ಎಳೆಗಳು ಹೀಮ್ ತುಂಬಿದ ಸೈಟೋಕ್ರೋಮ್ ಪ್ರೋಟೀನುಗಳ ಸರವೆಂದು 2019ರಲ್ಲಿ ಪ್ರತಿಪಾದಿತವಾಯಿತು. ಎಳೆಗಳ ಸ್ವರೂಪವನ್ನೇ ಹದಿನಾಲ್ಕು ವರ್ಷ ತಪ್ಪಾಗಿ ಬಗೆದಿದ್ದಿರಬಹುದೆಂಬುದು ವಿನಯವನ್ನು ಕಲಿಸತಕ್ಕ ಸಂಗತಿ. ದೋಣಿ ಬಿಡುವವನಿಗೂ ಗೋಡೆಗೊರಗುವವನಿಗೂ ಒಂದೇ ಮನೆ ಒಪ್ಪೀತೆಂದು ಎಣಿಸಲಾಗದು.

ಕೋಶವೊಂದರ ಸೈದ್ಧಾಂತಿಕ ವೋಲ್ಟೇಜು ಸುಮಾರು 1.1 ವೋಲ್ಟ್, ಕೈಗೆ ಸಿಕ್ಕುವುದು ಅದಕ್ಕಿಂತ ಬಹಳ ಕಡಿಮೆ. ಆದುದರಿಂದ ಇದು ಊರಿಗೆ ದೀಪ ಹೊತ್ತಿಸೀತೆಂಬ ಘೋಷಣೆಯನ್ನು ನಾನು ನಂಬಲಾರೆ. ಗಾಳಿಯೂದುವ ಯಂತ್ರಗಳಿಗೆ ಶುದ್ಧೀಕರಣ ಘಟಕಗಳು ವ್ಯಯಿಸುವ ವಿದ್ಯುತ್ತಿನಲ್ಲಿ ಒಂದಂಶವನ್ನು ಉಳಿಸಬಹುದೆಂಬ ವಾದ ಮಾತ್ರ ಗಟ್ಟಿಯಾದುದು. ಬೆರಳಗಲದ ಇದ್ದಲಿನ ತುಂಡಿನ ಫಲವನ್ನು ಚದರ ಮೀಟರಿಗೆ ಗುಣಿಸಿದ ಲೆಕ್ಕಕ್ಕಿಂತ, ನಿಜವಾದ ಕೊಳಚೆಯಲ್ಲಿ ಒಂದು ಮಳೆಗಾಲ, ಒಂದು ಬೇಸಗೆ ಮುಳುಗಿದ್ದು ಮೇಲೆದ್ದ ತುಂಡಿನ ವರದಿಯನ್ನೇ ನಾನು ಮೊದಲು ಓದುವೆನು.