ವಿಷಸಸ್ಯಗಳ ಪಟ್ಟಿ: ಹೆಸರು ಗೊತ್ತಾದರೆ ಸಾಕೆ?

ಉಮ್ಮತ್ತಿ, ಕಣಗಿಲೆ, ಎಕ್ಕ, ಗುಲಗಂಜಿ, ಹರಳು – ಪಕ್ಕದಲ್ಲಿ ಲ್ಯಾಟಿನ್ ಹೆಸರು. ವಿಷಸಸ್ಯಗಳ ಇಂತಹ ಪಟ್ಟಿಯನ್ನು ನೀವು ನೋಡಿರಬಹುದು. ಇದರ ಬೇರು ಬ್ರಿಟಿಷರ ಕಾಲದಲ್ಲಿದೆ. ಇದರ ಗುಣದೋಷಗಳನ್ನು ಪರಿಶೀಲಿಸೋಣ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮದ್ದೂರು, ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದು, ದಾರಿಯ ಮಣ್ಣು, ಬೆಳೆಗಳನ್ನು ದಾಖಲಿಸಿದ. ಹೊಸದಾಗಿ ಬಂದ ಆಡಳಿತಕ್ಕೆ ಇಲ್ಲಿನ ಸಸ್ಯಗಳ ಪರಿಚಯ ಬೇಕಾಗಿತ್ತು. ವಿಷಸಸ್ಯಗಳ ವಿಚಾರವನ್ನು ಮುಖ್ಯವಾಗಿ ಬೆಳೆಸಿದ್ದು ನ್ಯಾಯಾಲಯ. ದಾರಿಹೋಕರಿಗೆ ಉಮ್ಮತ್ತಿ ಬೀಜ ಉಣಿಸಿ ದೋಚುವುದು, ಗುಲಗಂಜಿ ಅರೆದು ಮಾಡಿದ ಮುಳ್ಳನ್ನು ದನಕ್ಕೆ ಚುಚ್ಚಿ ಕೊಲ್ಲುವುದು – ಅಂದಿನ ನ್ಯಾಯವೈದ್ಯ ಗ್ರಂಥಗಳಲ್ಲಿ ಇವೇ ಪ್ರಕರಣಗಳು. ಅಲ್ಲಿನ ಪ್ರಶ್ನೆ ಒಂದೇ: ‘ಇದು ಯಾವ ಗಿಡ?’ ಚೋಪ್ರಾ, ಬಧ್ವಾರ್ ಮತ್ತು ಘೋಷ್ ಅವರ ‘ಭಾರತದ ವಿಷಸಸ್ಯಗಳು’ (1949) ಎಂಬ ಇಂಗ್ಲಿಷ್ ಗ್ರಂಥ ಈ ವ್ಯಾಪ್ತಿಯನ್ನು ಬಹಳ ಹಿಗ್ಗಿಸಿತು, ಜಾನುವಾರುಗಳನ್ನೂ ಗಮನಿಸಿತು. ಆದರೆ ಅದರ ಜೋಡಣೆಯೂ ಸಸ್ಯಕುಟುಂಬಗಳ ಪ್ರಕಾರವೇ.

ಈ ಕ್ರಮದ ಉಪಯೋಗ ಅಲ್ಲಗಳೆಯುವಂತಿಲ್ಲ. ನಮ್ಮಲ್ಲಿ ‘ಕಣಗಿಲೆ’ ಎಂದರೆ ನೀರಿಯಮ್ ಇರಬಹುದು, ಅಮೆರಿಕದಿಂದ ಬಂದ ಹಳದಿ ಹೂವಿನ ತೆವೆಷಿಯವೂ ಇರಬಹುದು. ಎರಡೂ ಹೃದಯಕ್ಕೆ ಮಾರಕವಾದರೂ ಗಿಡಗಳು ಬೇರೆ. ವೈಜ್ಞಾನಿಕ ಹೆಸರು ಈ ಗೊಂದಲವನ್ನು ತಪ್ಪಿಸುತ್ತದೆ.

ಕೊರತೆ ಇರುವುದು ಬೇರೆಡೆ. ಮಳವಳ್ಳಿ ತಾಲ್ಲೂಕು ಬಂಡೂರು ಕುರಿಗೆ ಹೆಸರಾದುದು. ಅಲ್ಲಿನ ಖುಷ್ಕಿ ಹೊಲದಲ್ಲಿ ಮಳೆ ಕೈಕೊಟ್ಟಾಗ ಕುರಿಗಾಹಿ ಎದುರಿಸುವ ಅಪಾಯ ಎಳೆಯ ಜೋಳದ ಪೈರಿನಿಂದಲೂ ಬರಬಹುದು. ಅದರಲ್ಲಿರುವ ಧುರ್ರಿನ್ ಎಂಬ ವಸ್ತು, ಎಲೆ ಜಗಿದಾಗ ಒಡೆದು ಹೈಡ್ರೊಸಯನಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತದೆ. ಜೀವಕೋಶಗಳು ಆಕ್ಸಿಜನನ್ನು ಬಳಸಲಾರದೆ ಪ್ರಾಣಿ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಹೂ ಬಿಟ್ಟ ಮೇಲೆ ಅದೇ ಜೋಳ ಬಹುಮಟ್ಟಿಗೆ ನಿರಪಾಯಕರ ಮೇವು. ಹಾಗಾದರೆ ಜೋಳವನ್ನು ಪಟ್ಟಿಗೆ ಸೇರಿಸಬೇಕೆ, ಬಿಡಬೇಕೆ?

ಇಂಥವೇ ಇನ್ನೆರಡು. ಹರಳೆಣ್ಣೆಯಲ್ಲಿ ರಿಸಿನ್ ಇರುವುದಿಲ್ಲ. ಎಣ್ಣೆ ತೆಗೆದುಳಿದ ಹಿಂಡಿಯಲ್ಲಿ ಇರುತ್ತದೆ. ಇಡಿಯಾಗಿ ನುಂಗಿದ ಗುಲಗಂಜಿ, ಗಟ್ಟಿ ಸಿಪ್ಪೆಯಿಂದಾಗಿ ಸಾಮಾನ್ಯವಾಗಿ ಹಾಗೆಯೇ ಹೊರಬೀಳುತ್ತದೆ, ಜಗಿದರೆ ಪ್ರಾಣಾಪಾಯ. ಅಂದರೆ, ವಿಷವೆಂಬುದು ಗಿಡದ ಹೆಸರಿಗೆ ಅಂಟಿದ ಗುಣವಲ್ಲ. ಯಾವ ಭಾಗ, ಯಾವ ಹಂತ, ಎಷ್ಟು, ಯಾವ ಪ್ರಾಣಿಗೆ – ಇವೆಲ್ಲ ಸೇರಿದಾಗಲೇ ಅದು ನಿರ್ಧಾರವಾಗುತ್ತದೆ.

ಅಧ್ಯಾಪಕರೇ, ಮುಂದಿನ ಬಾರಿ ಪಟ ಬರೆಸುವಾಗ ಹೆಸರಿನ ಪಕ್ಕ ಈ ನಾಲ್ಕು ಅಂಕಣಗಳನ್ನೂ ಹಾಕಿಸಿ. ವಿದ್ಯಾರ್ಥಿಗಳೇ, ಕುರಿ ಮೇಯಿಸುವ ಹಿರಿಯರನ್ನು ಕೇಳಿ, ಅವನ್ನು ತುಂಬಿ. ಗ್ರಂಥದೊಡನೆ ತಾಳೆ ನೋಡಿ. ಯಾವ ಗಿಡವನ್ನೂ ರುಚಿ ನೋಡಿ ಪರೀಕ್ಷಿಸಬೇಡಿ. ಹೊರಗಿನಿಂದ ಬಂದವರಿಗೆ ಹೆಸರಿನ ಪಟ್ಟಿ ಸಾಕಾಗಿದ್ದಿರಬಹುದು. ಇಲ್ಲೇ ಬೆಳೆದು, ಇಲ್ಲೇ ಮೇಯಿಸುವ ನಮಗೆ ಸಾಲದು.