ಶ್ರೀಧರನ್ ಕತೆಯೂ ಕುಡಚಿ ಹಾದಿಯೂ

ಕೊಂಕಣ ರೈಲ್ವೆಯ ಕತೆಯನ್ನು ಕನ್ನಡದಲ್ಲಿ ನಾವು ಬಹುಮಟ್ಟಿಗೆ ಒಂದೇ ರೀತಿ ಹೇಳುತ್ತ ಬಂದಿದ್ದೇವೆ. ಪತ್ರಿಕೆಯ ವ್ಯಕ್ತಿಚಿತ್ರವಿರಲಿ, ಸ್ಫೂರ್ತಿ ತುಂಬುವ ಪುಸ್ತಕವಿರಲಿ, ಎಂಬಿಎ ತರಗತಿಯ ಪಾಠವಿರಲಿ, ಚೌಕಟ್ಟು ಒಂದೇ. ಎದುರಿಗೆ ಘಟ್ಟ, ಹೊಳೆ, ಮಳೆ. ನಿವೃತ್ತಿಯ ವಯಸ್ಸಿನಲ್ಲಿ ಹೊಣೆ ಹೊರುವ ಇ. ಶ್ರೀಧರನ್. ಕಚೇರಿಯ ಗೋಡೆಯಲ್ಲಿ ಉಳಿದ ದಿನಗಳನ್ನು ಎಣಿಸುವ ಉಲ್ಟಾ ಗಡಿಯಾರ. ಕೊನೆಗೆ 1998ರ ಜನವರಿಯಲ್ಲಿ ಇಡೀ ಮಾರ್ಗದಲ್ಲಿ ಓಡಿದ ರೈಲು. ಪಾಠ: ದಕ್ಷನೊಬ್ಬ ಸಿಕ್ಕರೆ ಯಾವ ಯೋಜನೆಯೂ ಮುಗಿಯುತ್ತದೆ.

ಅಭಿವೃದ್ಧಿ ಯೋಜನೆಗಳನ್ನು ಕನ್ನಡ ಗದ್ಯ ಹೇಗೆ ನಿರೂಪಿಸುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ನನ್ನೂರು ಬನಹಟ್ಟಿ. ಅಲ್ಲಿ ಕೂತು ಓದಿದರೆ ಈ ಕಥನದ ಬಿರುಕು ಬೇಗ ಕಾಣುತ್ತದೆ.

ನಮ್ಮ ಸೀಮೆಯ ಪೂರ್ವಕ್ಕೆ ಗದಗ–ಬಾಗಲಕೋಟೆ–ವಿಜಯಪುರ ಮಾರ್ಗ, ಪಶ್ಚಿಮಕ್ಕೆ ಕುಡಚಿಯ ಮೇಲೆ ಹೋಗುವ ಮೀರಜ–ಲೋಂಡಾ ಮಾರ್ಗ. ಎರಡೂ 19ನೇ ಶತಮಾನದ ಕೊನೆಯಲ್ಲೇ ಬಂದವು. ನಡುವಿನ ಮುಧೋಳ, ಜಮಖಂಡಿ ಸಂಸ್ಥಾನಗಳಿಗೆ ರೈಲು ಬರಲಿಲ್ಲ. ಕಬ್ಬು, ಬೆಲ್ಲ, ಸುಣ್ಣದಕಲ್ಲು, ರಬಕವಿ-ಬನಹಟ್ಟಿಯ ಸೀರೆ ಎಲ್ಲವೂ ಲಾರಿಯ ಮೇಲೇ ಹೋದವು. 2010–11ರಲ್ಲಿ 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿತು. ಮೊದಲ ಹತ್ತು ವರ್ಷಗಳಲ್ಲಿ ಹಳಿ ಮುಟ್ಟಿದ್ದು ಖಜ್ಜಿಡೋಣಿಯವರೆಗೆ, ಸುಮಾರು 30 ಕಿ.ಮೀ. ಅಷ್ಟೇ. ಸುಮಾರು 740 ಕಿ.ಮೀ. ಉದ್ದದ ಕೊಂಕಣ ಮಾರ್ಗ ಎಂಟು ವರ್ಷದೊಳಗೆ ಮುಗಿದಿತ್ತು. ನಮ್ಮಲ್ಲಿ ಸಹ್ಯಾದ್ರಿಯಂಥ ಘಟ್ಟವೂ ಇಲ್ಲ, ಕರಾವಳಿಯಂಥ ಮಳೆಯೂ ಇಲ್ಲ. ಪ್ರಕೃತಿಯನ್ನು ಗೆದ್ದ ಧೀರನ ಕತೆ ಈ ವ್ಯತ್ಯಾಸವನ್ನು ವಿವರಿಸಲಾರದು.

ವಿವರಿಸಬಲ್ಲದ್ದು ಆ ಕತೆ ಅವಸರದಲ್ಲಿ ದಾಟಿಬಿಡುವ ಕರಾರಿನ ಭಾಗ. 1990ರಲ್ಲಿ ಕೊಂಕಣ ಮಾರ್ಗಕ್ಕೆಂದೇ ಒಂದು ನಿಗಮ ಹುಟ್ಟಿತು. ಅದರಲ್ಲಿ ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ವರ್ಷವರ್ಷದ ಬಜೆಟ್ಟಿಗೆ ಕಾಯದೆ ಬಾಂಡ್ ಮೂಲಕ ಸಾಲ ಎತ್ತುವ ಅವಕಾಶ ಅದಕ್ಕಿತ್ತು. ನಿರ್ಧಾರ ಒಂದೇ ಕಡೆ ಆಗುತ್ತಿತ್ತು. ಗಡಿಯಾರ ನಡೆದದ್ದು ಇದೆಲ್ಲ ಇದ್ದದ್ದರಿಂದ.

ಕುಡಚಿ ಹಾದಿಯ ಕರಾರು ಬೇರೆ. ನಿರ್ಮಾಣ ವೆಚ್ಚದಲ್ಲಿ ರೈಲ್ವೆಗೂ ರಾಜ್ಯಕ್ಕೂ ಅರ್ಧರ್ಧ ಪಾಲು. ಭೂಮಿಯನ್ನು ರಾಜ್ಯವೇ ಉಚಿತವಾಗಿ ಕೊಡಬೇಕು. ಕಾಗದದ ಮೇಲೆ ಇದು ಸಮಪಾಲು. ಕೆಲಸದಲ್ಲಿ ಇದರ ಅರ್ಥ, ಭೂಮಿ ಒಬ್ಬರ ಕೈಯಲ್ಲಿ, ಹಳಿ ಇನ್ನೊಬ್ಬರ ಕೈಯಲ್ಲಿ. ಜಾಗ ಸಿಕ್ಕಿಲ್ಲ ಎಂದು ಇವರು, ಕೆಲಸ ಶುರುವಿಲ್ಲ ಎಂದು ಅವರು ಹೇಳಬಹುದು. ಇಬ್ಬರೂ ಸುಳ್ಳು ಹೇಳಿದಂತೆ ಆಗುವುದಿಲ್ಲ. 2014ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬಂದು ಪರಿಹಾರ ಏರಿತು. ರೈತನಿಗೆ ಅದು ನ್ಯಾಯವೇ. ಆದರೆ ಅಷ್ಟರಲ್ಲಿ ಕೈಗೆ ಬಾರದ ಪ್ರತಿ ಎಕರೆಯೂ ಯೋಜನೆಗೆ ದುಬಾರಿಯಾಯಿತು. ಅಧಿಸೂಚನೆ ಬಿದ್ದ ಹೊಲದವನ ಕಷ್ಟ ಇನ್ನೊಂದು ಬಗೆಯದು: ಮಾರುವಂತಿಲ್ಲ, ಪರಿಹಾರ ಕೈಗೆ ಬಂದಿಲ್ಲ. ಯಾವ ಉಲ್ಟಾ ಗಡಿಯಾರವೂ ಅವನ ದಿನಗಳನ್ನು ಎಣಿಸುವುದಿಲ್ಲ.

ಶ್ರೀಧರನ್ ಕಥನದ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲಿದೆ. ಅದರಲ್ಲಿ ಜನ ಎರಡೇ ವೇಷದಲ್ಲಿ ಬರುತ್ತಾರೆ: ನಗುತ್ತ ಜಮೀನು ಕೊಟ್ಟವರು, ಇಲ್ಲವೆ ಅಡ್ಡಿಪಡಿಸಿದವರು. ಗೋವಾದಲ್ಲಿ ಮಾರ್ಗದ ವಿರುದ್ಧ ಚಳವಳಿ ನಡೆದು, ಕೆಲಸ ನಿಂತು, ವಿಚಾರಣಾ ಆಯೋಗವೇ ಬಂತು. ಐದು ವರ್ಷದ ಗುರಿ ತಪ್ಪಿತು, ವೆಚ್ಚವೂ ಏರಿತು. ಕತೆಗೆ ಇದು ಎರಡು ಸಾಲಿನ ವಿಘ್ನ. ರತ್ನಾಗಿರಿಯಲ್ಲಿ ಆ ಕಾಮಗಾರಿಯಲ್ಲಿ ಸತ್ತವರ ಸ್ಮಾರಕವಿದೆ; ಎಷ್ಟೋ ಸಲ ಕತೆ ಅಲ್ಲಿ ನಿಲ್ಲುವುದೂ ಇಲ್ಲ.

ಬೀಳಗಿ, ಜಮಖಂಡಿ ತಾಲೂಕುಗಳ ಹಿನ್ನೀರಿನ ಹಳ್ಳಿಗಳಿಂದ ನೋಡಿದರೆ 'ವಿಘ್ನ' ಎಂಬ ಮಾತು ಒಪ್ಪಿಗೆಯಾಗದು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು. ಜಲಾಶಯದ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರುವ ಮಾತು ಇಲ್ಲಿ ಎಷ್ಟೋ ಮನೆಗಳ ಮದುವೆ, ಸಾಲ, ಬಾವಿ ತೋಡುವ ಲೆಕ್ಕದೊಳಗೂ ಬರುತ್ತದೆ. ಮನೆ ಕಳೆದುಕೊಂಡು ಪುನರ್ವಸತಿ ಕೇಂದ್ರ ಸೇರಿದವರಿಗೆ 'ಯೋಜನೆ' ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ದುಡ್ಡು ಯಾವಾಗ, ಎಷ್ಟು, ಯಾರ ಕೈಯಿಂದ ಎಂದು ಅವರು ಮೊದಲೇ ಕೇಳುತ್ತಾರೆ. ಇವು ಅಡ್ಡಿಗಳಲ್ಲ. ಯೋಜನೆ ಬರೆಯುವವರು ಮೊದಲ ಪುಟದಲ್ಲೇ ಉತ್ತರಿಸಬೇಕಿದ್ದ ಪ್ರಶ್ನೆಗಳು.

ಶ್ರೀಧರನ್ ಅವರ ದಕ್ಷತೆಯನ್ನು ನಾನು ಸಣ್ಣದು ಮಾಡುತ್ತಿಲ್ಲ. ಅದನ್ನಷ್ಟೇ ಹೇಳಿದಾಗ ನಮ್ಮಂಥ ಸೀಮೆಯ ಜನ ಇನ್ನೊಬ್ಬ ಶ್ರೀಧರನ್‌ಗಾಗಿ ಕಾಯುತ್ತ ಕೂರುತ್ತಾರೆ, ಕರಾರನ್ನು ಯಾರೂ ಓದುವುದಿಲ್ಲ. "ರೈಲು ಬರತೈತಿ ಅಂತ ಕೇಳ್ಕೋತ ಮುದುಕರಾದ್ವಿ" ಎನ್ನುವ ಹಿರಿಯರು ನಮ್ಮ ಕಡೆ ಬೇಕಾದಷ್ಟು ಮಂದಿ. ಕುಡಚಿ ಹಾದಿಯ ಬಗ್ಗೆ ಮುಂದೆ ಬರೆಯುವವರು ಯಾವ ಊರಿನ ಭೂಮಿಗೆ ಯಾವ ದಿನ ಪರಿಹಾರ ಸಿಕ್ಕಿತು, ಯಾವ ಕಚೇರಿಯಲ್ಲಿ ಕಡತ ಎಷ್ಟು ತಿಂಗಳು ಕೂತಿತು ಎಂಬಲ್ಲಿಂದ ಶುರುಮಾಡಲಿ.