‘ಕುಂದಣ’ ಶಬ್ದದ ಎರಡು ಅರ್ಥಗಳು

‘ಕುಂದಣ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ಅಪರಂಜಿ ಚಿನ್ನ, ಅದರಲ್ಲಿ ಹರಳು ಕೂರಿಸುವ ಕೆಲಸ. ಕಾವ್ಯವನ್ನು ಓದುವಾಗ ನಾವು ಸಾಮಾನ್ಯವಾಗಿ ಮೊದಲನೆಯದರಿಂದಲೇ ತೃಪ್ತರಾಗುತ್ತೇವೆ. ಆದರೆ ಇವು ಬಿಡಿ ಅರ್ಥಗಳಲ್ಲ; ಒಂದು ಮತ್ತೊಂದಕ್ಕೆ ಕಾರಣ. ಇದಕ್ಕೆ ಅಕ್ಕಸಾಲಿಗನ ಕೆಲಸವೇ ಸಾಕ್ಷಿ.

ಜಯಪುರ, ಬಿಕಾನೇರಗಳಲ್ಲಿ ಇಂದಿಗೂ ಉಳಿದಿರುವ ಪದ್ಧತಿಯನ್ನು ಪರಿಶೀಲಿಸಬಹುದು. ಒಡವೆಯ ಟೊಳ್ಳು ಮನೆಯಲ್ಲಿ ಅರಗನ್ನು ತುಂಬಿ, ಅದರ ಮೇಲೆ ಬೆಳಕನ್ನು ಹಿಂದಿರುಗಿಸುವ ತೆಳುತಗಡನ್ನಿರಿಸಿ ಹರಳನ್ನು ಕೂರಿಸುತ್ತಾರೆ. ಬಳಿಕ ಸುಮಾರು 24 ಕ್ಯಾರಟ್ಟಿನ ಚಿನ್ನದ ರೇಕನ್ನು ಹರಳಿನ ಅಂಚಿನ ಸುತ್ತ ಉಕ್ಕಿನ ಮೊನೆಯಿಂದ ಒತ್ತುತ್ತಾರೆ. ರೇಕಿಗೆ ಬೆಸುಗೆ ಬೇಕಿಲ್ಲ. ಒತ್ತಡದಿಂದಲೇ ಅದರ ಪದರಗಳು ಒಂದಾಗುತ್ತವೆ. ತಾಮ್ರ ಬೆರೆತ ಚಿನ್ನವು ಗಡುಸಾದುದರಿಂದ ಈ ಕೆಲಸಕ್ಕೆ ಒದಗದು. ಹರಳನ್ನು ಲೋಹದ ಉಗುರುಗಳಿಂದ ಹಿಡಿಸುವ ತೆರೆದ ಕಟ್ಟಿನಲ್ಲಾದರೋ ಆ ಗಡುಸೇ ಗುಣ. ಅಲ್ಲಿ ಅಪರಂಜಿಯ ಉಗುರು ಬಾಗಿ ಹರಳು ಕಳಚೀತು.

ಶುದ್ಧಿ ಇಲ್ಲಿ ಬರಿಯ ಬೆಲೆಯ ಮಾತಲ್ಲ, ಕೂಡಿಕೆಗೆ ಬೇಕಾದ ಷರತ್ತು. ಆದುದರಿಂದ ‘ಕುಂದಣ’ವೆಂದೊಡನೆ ಹೊಳಪನ್ನಷ್ಟೇ ಕಾಣುವ ಓದು ಅಪೂರ್ಣವೆನ್ನಬೇಕು. ಮೃದುವಾಗಿರುವುದರಿಂದಲೇ ಬಿಡದೆ ಹಿಡಿಯುವ ಲೋಹವದು. ಈ ಶಬ್ದವು ಉಪಮಾನವಾಗಿ ಬಂದೆಡೆಯಲ್ಲೆಲ್ಲ ವಿಮರ್ಶಕನು ಬಣ್ಣದೊಡನೆ ಈ ಗುಣವನ್ನೂ ತೂಗಿ ನೋಡುವುದು ಯುಕ್ತ.